ಅಂಟು–ನಂಟು

ಮನುಷ್ಯನು ಕಟ್ಟುವ ವಸ್ತುಗಳಲ್ಲಿ ಒಂದೇ ತುಂಡಿನಿಂದ ಆದುವು ತೀರ ಕಡಿಮೆ. ಮನೆಯಾಗಲಿ ಮಂಚವಾಗಲಿ, ಗಾಡಿಯಾಗಲಿ ಗಡಿಯಾರವಾಗಲಿ, ಎಲ್ಲವೂ ಹಲವು ಬಿಡಿಭಾಗಗಳ ಕೂಟ. ಭಾಗಗಳು ಎಷ್ಟೇ ಗಟ್ಟಿಯಾಗಿರಲಿ, ಅವುಗಳನ್ನು ಕೂಡಿಸಿರುವ ಬಗೆ ಸರಿಯಾಗಿಲ್ಲದಿದ್ದರೆ ವಸ್ತು ಬಾಳುವುದಿಲ್ಲ. ಆದುದರಿಂದ ಕೂಡಿಸುವ ಕೆಲಸಕ್ಕೆ ನಮ್ಮ ಹಿರಿಯರು ಹಲವು ಉಪಾಯಗಳನ್ನು ಕಂಡುಕೊಂಡರು. ಚಪ್ಪರದ ಗಳುಗಳನ್ನು ಹಗ್ಗದಿಂದ ಬಿಗಿದರು. ಬಾಗಿಲಿನ ಹಲಗೆಗಳಿಗೆ ಮೊಳೆ ಹೊಡೆದರು. ಕಬ್ಬಿಣವನ್ನು ಕೆಂಪಗೆ ಕಾಯಿಸಿ ಬೆಸೆದರು. ಹಾಳೆಗೆ ಹಾಳೆಯನ್ನು ಅಂಟಿಸಿದರು. ಇವುಗಳಲ್ಲಿ ಅಂಟಿಸುವುದು ನೋಡುವುದಕ್ಕೆ ಅತ್ಯಂತ ಸುಲಭವಾದ ಕೆಲಸ. ಆದರೆ ಚೆನ್ನಾಗಿ ಅಂಟಿಸುವುದು ಇವೆಲ್ಲಕ್ಕಿಂತ ಹೆಚ್ಚು ವಿವೇಚನೆಯನ್ನು ಬೇಡುವ ಕೆಲಸ.

ಅಂಟಿನ ಪರಿಚಯ ನಮಗೆ ಎಳವೆಯಲ್ಲಿಯೇ ಆಗುತ್ತದೆ. ಗಾಳಿಪಟದ ಕಾಗದಕ್ಕೆ ಅನ್ನದ ಅಗುಳು, ಪುಸ್ತಕದ ರಟ್ಟಿಗೆ ಮೈದಾಹಿಟ್ಟಿನ ಗಂಜಿ, ಲಕೋಟೆಗೆ ಜಾಲಿಯ ಗೋಂದು, ಇವು ಯಾರಿಗೆ ತಿಳಿಯದು? ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚುತ್ತಾರೆ. ಅಕ್ಕಸಾಲಿಗನು ಅರಗನ್ನು ಕರಗಿಸಿ ಬಳಸುತ್ತಾನೆ. ಆಂಧ್ರದ ಗಡಿಗೆ ಹತ್ತಿರವಾದ ನಮ್ಮ ನಗರಗೆರೆಯ ಕಡೆ ಕನ್ನಡದವರು ‘ಅಂಟು’ ಎಂದುದನ್ನು ತೆಲುಗು ಮಾತನಾಡುವವರು ‘ಜಿಗುರು’ ಎನ್ನುತ್ತಾರೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ‘ವಜ್ರಲೇಪ’ವೆಂಬ ಅಂಟನ್ನು ಮಾಡುವ ವಿಧಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಬೇಲದ ಕಾಯಿ, ಬೂರುಗದ ಹೂ ಮೊದಲಾದುವನ್ನು ನೀರಿನಲ್ಲಿ ಕುದಿಸಿ, ಆ ಕಷಾಯವು ಎಂಟರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ಮರದ ರಾಳಗಳನ್ನು ಬೆರೆಸಬೇಕೆಂದು ಅವನು ಹೇಳುತ್ತಾನೆ. ದೇವಾಲಯ, ವಿಗ್ರಹ, ಗೋಡೆಗಳ ಕೆಲಸಕ್ಕೆ ಇದು ಉಪಯೋಗವಾಗುತ್ತಿತ್ತು.

ಹೀಗೆ ಅಂಟು ನಮಗೆ ಹಳೆಯ ನಂಟು. ಆದರೂ ಯಾವ ಕೆಲಸಕ್ಕೆ ಯಾವ ಅಂಟು ಎಂಬ ಪ್ರಶ್ನೆ ಎದುರಾದಾಗ ಅನುಭವಿಗಳೂ ಎಡವುವುದುಂಟು. ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ.

ನನ್ನ ಹಳೆಯ ಶಿಷ್ಯನೊಬ್ಬನು ನಗರಗೆರೆಯ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಟ್ರಾಕ್ಟರಿನ ಟ್ರೇಲರು, ಕಿಟಕಿಯ ಸರಳು, ಗೇಟು ಇವುಗಳ ಕೆಲಸದಲ್ಲಿ ಅವನದು ಪಳಗಿದ ಕೈ. ಓದುವ ಕಾಲದಿಂದಲೂ ಅವನಿಗೆ ಒಂದು ಆಸೆ. ತನ್ನ ಕೈಯಿಂದಲೇ ಒಂದು ಕಾರನ್ನು ಕಟ್ಟಬೇಕು. ಹಳೆಯ ವಾಹನವೊಂದರ ಎಂಜಿನು, ಚಕ್ರ, ಬ್ರೇಕುಗಳನ್ನು ಕೊಂಡು ತಂದು, ಉಕ್ಕಿನ ಚೌಕ ಕೊಳವೆಗಳನ್ನು ಬೆಸೆದು ಚೌಕಟ್ಟನ್ನು ಕಟ್ಟಿದನು. ಹೊರಮೈಗೆ ಅಲ್ಯೂಮಿನಿಯಮ್ ತಗಡನ್ನು ಆರಿಸಿಕೊಂಡನು. ಮನೆಯಲ್ಲಿ ಕಟ್ಟಿದ ಇಂತಹ ವಾಹನವನ್ನು ಸರ್ಕಾರದ ಪರೀಕ್ಷೆ ಮತ್ತು ನೋಂದಣಿಯಿಲ್ಲದೆ ಸಾರ್ವಜನಿಕ ರಸ್ತೆಗೆ ತರಲು ಕಾನೂನು ಒಪ್ಪುವುದಿಲ್ಲ. ಅದನ್ನು ಬಲ್ಲ ಅವನು ತನ್ನ ಹಿಪ್ಪುನೇರಳೆ ತೋಟದ ಬಂಡಿದಾರಿಯಲ್ಲಿ ಮಾತ್ರ ಅದನ್ನು ಓಡಿಸುತ್ತಿದ್ದನು.

ತಗಡನ್ನು ಚೌಕಟ್ಟಿಗೆ ಕೂಡಿಸುವುದು ಹೇಗೆ? ಉಕ್ಕಿಗೆ ಉಕ್ಕನ್ನು ಬೆಸೆಯುವ ಅವನ ವೆಲ್ಡಿಂಗ್ ಯಂತ್ರವು ಉಕ್ಕಿಗೆ ಅಲ್ಯೂಮಿನಿಯಮ್ಮನ್ನು ಬೆಸೆಯಲಾರದು. ಆದುದರಿಂದ ರೆಕ್ಸಿನ್ನಿಗೂ ಚಪ್ಪಲಿಗೂ ಬಳಸುವ ಹಳದಿಯ ರಬ್ಬರ್ ಅಂಟನ್ನು, ಜನರು ‘ಸೊಲ್ಯೂಷನ್’ ಎನ್ನುವ ಅದನ್ನು, ಎರಡು ಮೈಗಳಿಗೂ ಬಳಿದು ತಗಡುಗಳನ್ನು ಒತ್ತಿದನು. ಒತ್ತಿದ ಕ್ಷಣದಲ್ಲಿಯೇ ಅವು ಬಿಗಿಯಾಗಿ ಕುಳಿತವು. ಹದಿನೈದು ದಿನಗಳ ಕಾಲ ಎಲ್ಲವೂ ಚೆನ್ನಾಗಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಅವನು ದಾರಿಗಿಳಿಸಿದನು. ಎದುರಿನಿಂದ ಒಂದು ಬಿರುಗಾಳಿ ಬೀಸಿತು. ಮೇಲಿನ ತಗಡು ಮುಂದಿನ ಅಂಚಿನಿಂದ ಎದ್ದು, ಹಾಳೆಯಂತೆ ಸುಲಿದು, ಹಾರಿಹೋಗಿ ಪಕ್ಕದ ಕಣದಲ್ಲಿ ಬಿದ್ದಿತು. ಅಲ್ಲಿ ಮಕ್ಕಳು ಆಡುತ್ತಿದ್ದರು. ಅವರಲ್ಲಿ ಅವನ ಮಗನೂ ಇದ್ದನು. ತಗಡು ಬಿದ್ದ ಸ್ಥಳಕ್ಕೂ ಆ ಹುಡುಗನಿಗೂ ನಡುವೆ ಇದ್ದುದು ಎರಡು ಮಾರು ಅಂತರ.

ಸಂಜೆ ಅವನು ನನ್ನ ಮನೆಗೆ ಬಂದನು. ಅವನ ಕೈ ಇನ್ನೂ ನಡುಗುತ್ತಿತ್ತು.

“ಮೇಷ್ಟ್ರೇ, ಅಂಟು ಮೋಸ ಮಾಡಿಬಿಟ್ಟಿತು” ಎಂದನು.

“ಮೋಸ ಮಾಡಿದವರು ಯಾರು ಎಂಬುದನ್ನು ನೋಡಿ ಹೇಳೋಣ ಕಣಪ್ಪ. ಆ ತಗಡನ್ನು ಒರೆಸಬೇಡ, ತೊಳೆಯಬೇಡ, ಹಾಗೆಯೇ ಇಡು” ಎಂದೆನು.

ಮರುದಿನ ಬೆಳಿಗ್ಗೆ ತಗಡಿನ ಒಳಮೈಯನ್ನೂ ಚೌಕಟ್ಟಿನ ಮೇಲ್ಮೈಯನ್ನೂ ನಾವಿಬ್ಬರೂ ಕುಳಿತು ಪರೀಕ್ಷಿಸಿದೆವು. ಮೂರು ಬಗೆಯ ಗುರುತುಗಳು ಕಂಡುವು. ಕೆಲವೆಡೆ ಅಂಟು ಎರಡು ಮೈಗಳಲ್ಲೂ ಉಳಿದು ನೂಲುನೂಲಾಗಿ ಎಳೆದುಕೊಂಡಿತ್ತು. ಕೆಲವೆಡೆ ತಗಡು ಥಳಥಳನೆ ಹೊಳೆಯುತ್ತಿತ್ತು; ಅಂಟೆಲ್ಲ ಚೌಕಟ್ಟಿನ ಮೇಲೆಯೇ ಇತ್ತು. ಇನ್ನು ಕೆಲವೆಡೆ ಚೌಕಟ್ಟಿನ ಬಣ್ಣವೇ ಕಿತ್ತುಬಂದು ಅಂಟಿನ ಬೆನ್ನಿಗೆ ಹತ್ತಿಕೊಂಡಿತ್ತು. ಬಣ್ಣದ ಅಡಿಯಲ್ಲಿ ತುಕ್ಕಿನ ಪುಡಿ ಇತ್ತು. ಈ ಮೂರು ಗುರುತುಗಳೂ ಮೂರು ಬೇರೆ ಬೇರೆ ತಪ್ಪುಗಳನ್ನು ಹೇಳುತ್ತಿದ್ದುವು. ಅವುಗಳನ್ನು ಓದಬೇಕಾದರೆ ಅಂಟು ಹಿಡಿಯುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು.

ಕೆಸುವಿನ ಎಲೆಯ ಮೇಲೆ ನೀರು ಬಿದ್ದರೆ ಅದು ಮುತ್ತಿನಂತೆ ಉರುಳಿಹೋಗುತ್ತದೆ, ಎಲೆ ತೊಯ್ಯುವುದಿಲ್ಲ. ಅದೇ ನೀರನ್ನು ತೊಳೆದ ಸ್ಲೇಟಿನ ಮೇಲೆ ಸುರಿದರೆ ಅದು ತೆಳುವಾಗಿ ಹರಡಿಕೊಳ್ಳುತ್ತದೆ. ಅಂಟು ಹಿಡಿಯಬೇಕಾದರೆ ಮೊದಲು ಅದು ಮೈಯನ್ನು ಹೀಗೆ ತೊಯ್ಯಿಸಬೇಕು. ಬರಿಯ ಕಣ್ಣಿಗೆ ನುಣುಪಾಗಿ ಕಾಣುವ ಲೋಹದಲ್ಲಿಯೂ ಸೂಕ್ಷ್ಮವಾದ ಏರುತಗ್ಗುಗಳಿರುತ್ತವೆ. ದ್ರವರೂಪದ ಅಂಟು ಅವುಗಳಲ್ಲೆಲ್ಲ ಹರಿದು ತುಂಬಿ, ತನ್ನ ಅಣುಗಳನ್ನು ಲೋಹದ ಅಣುಗಳಿಗೆ ಅತಿ ಸಮೀಪಕ್ಕೆ ಒಯ್ಯುತ್ತದೆ. ಆಗ ಅವೆರಡರ ನಡುವೆ ಆಕರ್ಷಣೆ ಉಂಟಾಗುತ್ತದೆ. ಇದು ಅಂಟಿನ ಹೊರಹಿಡಿತ. ಆಮೇಲೆ ಅಂಟು ಘನವಾಗಬೇಕು. ಆಗ ಅಂಟಿನ ಅಣುಗಳು ತಮ್ಮ ತಮ್ಮಲ್ಲಿ ಬಿಗಿದುಕೊಳ್ಳುತ್ತವೆ. ಇದು ಒಳಹಿಡಿತ. ಹೊರಹಿಡಿತ, ಒಳಹಿಡಿತ ಎರಡೂ ಇದ್ದಾಗ ಮಾತ್ರ ಕೂಡಿಕೆ ನಿಲ್ಲುತ್ತದೆ.

ಈಗ ಆ ಗುರುತುಗಳ ಅರ್ಥ ಸ್ಪಷ್ಟವಾಗುತ್ತದೆ. ಅಂಟು ನೂಲುನೂಲಾಗಿ ಎರಡು ಮೈಗಳಲ್ಲೂ ಉಳಿದಿದ್ದೆಡೆ ಸೋತುದು ಒಳಹಿಡಿತ. ರಬ್ಬರ್ ಅಂಟು ಕಾವಿಗೆ ಮೆತ್ತಗಾಗುವಂಥದು. ಬಿಸಿಲಿನಲ್ಲಿ ನಿಂತ ತಗಡು ಕೈ ಇಡಲಾರದಷ್ಟು ಕಾಯುತ್ತದೆ. ಅಂತಹ ಕಾವಿನಲ್ಲಿ ಆ ಅಂಟು ಮೆಲ್ಲಮೆಲ್ಲನೆ ಜಾರುತ್ತಿತ್ತು. ತಗಡು ಹೊಳೆಯುತ್ತಿದ್ದೆಡೆ ಸೋತುದು ಹೊರಹಿಡಿತ. ತಗಡಿನ ಮೇಲೆ ಎಣ್ಣೆಯ ತೆಳುಪೊರೆ ಇತ್ತು. ಅಂಟು ಲೋಹವನ್ನು ಮುಟ್ಟಲೇ ಇಲ್ಲ. ಬಣ್ಣ ಕಿತ್ತುಬಂದೆಡೆ ಅಂಟು ಸೋಲಲಿಲ್ಲ; ಅದು ಬಣ್ಣವನ್ನು ಬಿಗಿಯಾಗಿಯೇ ಹಿಡಿದಿತ್ತು, ಆದರೆ ಬಣ್ಣವು ತುಕ್ಕಿನ ಮೇಲೆ ನಿಂತಿತ್ತು. ಮರಳಿನ ಮೇಲೆ ಕಟ್ಟಿದ ಗೋಡೆ ಎಷ್ಟು ಗಟ್ಟಿಯಾದರೇನು? ಮೂರರಲ್ಲಿ ಒಂದು ತಪ್ಪು ಅಂಟಿನ ಆಯ್ಕೆಯದು, ಎರಡು ತಪ್ಪುಗಳು ಕೈಯವು.

“ಹಾಗಾದರೆ ಅಂಟಿನ ಮೇಲೆ ನಾನು ಹೊರಿಸಿದ್ದು ಸುಳ್ಳು ಆರೋಪ” ಎಂದನು ಶಿಷ್ಯ.

ಇಂತಹ ಆರೋಪವನ್ನು ಅಂಟಿನ ಮೇಲೆ ಹೊರಿಸಿದವನು ಅವನೊಬ್ಬನೇ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯವರು ‘ಮಾಸ್ಕಿಟೊ’ ಎಂಬ ಯುದ್ಧವಿಮಾನವನ್ನು ಕಟ್ಟಿದರು. ಅದರ ಒಡಲೂ ರೆಕ್ಕೆಯೂ ಮರದ ತೆಳುಹಲಗೆಗಳನ್ನು ಅಂಟಿಸಿ ಮಾಡಿದುವು. ಮೊದಮೊದಲು ಬಳಸಿದ ಅಂಟು ಹಾಲಿನಿಂದ ತೆಗೆದ ಕೇಸೀನ್. 1944ರಲ್ಲಿ ಭಾರತ ಮತ್ತು ಬರ್ಮಾ ಪ್ರದೇಶದಲ್ಲಿ ಇಂತಹ ಕೆಲವು ವಿಮಾನಗಳು ಆಕಾಶದಲ್ಲಿಯೇ ಮುರಿದುಬಿದ್ದವು. ನಮ್ಮ ದೇಶದ ಬಿಸಿಲು ಮಳೆಗಳಿಗೆ ಅಂಟು ಕೆಟ್ಟುಹೋಯಿತೆಂದು ಮೊದಲು ಎಲ್ಲರೂ ಹೇಳಿದರು. ಆದರೆ ಮುಂದೆ ನಡೆದ ತನಿಖೆಗಳಲ್ಲಿ ಬೇರೆಯೇ ಸಂಗತಿ ಹೊರಬಿದ್ದಿತು. ಮಾನ್‌ಸೂನ್ ಮಳೆಯನ್ನೇ ಕಾಣದ ವಿಮಾನಗಳಲ್ಲಿಯೂ ಅದೇ ಬಗೆಯ ದೋಷಗಳಿದ್ದುವು. ತಯಾರಿಸುವಾಗಲೇ ಕೂಡಿಕೆಗಳನ್ನು ಸರಿಯಾಗಿ ಹೊಂದಿಸಿರಲಿಲ್ಲ. ಕೈಯ ತಪ್ಪಿಗೆ ಅಂಟು ಅಪವಾದ ಹೊತ್ತಿತು. ವಿಮಾನ ನಡೆಸುತ್ತಿದ್ದವರು ಪ್ರಾಣ ತೆತ್ತರು.

ಇಷ್ಟೆಲ್ಲ ತೊಡಕಿರುವಾಗ ಅಂಟನ್ನು ಬಿಟ್ಟು ರಿವೆಟ್ ಹೊಡೆಯಬಾರದೇಕೆ ಎಂದು ನೀವು ಕೇಳಬಹುದು. ಹೊಡೆಯಬಹುದು, ಬಹುಕಾಲ ಹಾಗೆಯೇ ಹೊಡೆಯುತ್ತಿದ್ದರು. ಆದರೆ ರಿವೆಟ್ಟಿಗೆ ತೂತು ಬೇಕು. ಹಳೆಯ ಅಂಗಿ ಗುಂಡಿಯ ಬಳಿಯಲ್ಲಿ ಮೊದಲು ಹರಿಯುವಂತೆ ತಗಡು ತೂತಿನ ಬಳಿಯಲ್ಲಿ ಮೊದಲು ಬಿರಿಯುತ್ತದೆ. ಏಕೆಂದರೆ ಬಲವೆಲ್ಲ ಆ ಸಣ್ಣ ಸ್ಥಳದಲ್ಲಿ ಕೇಂದ್ರೀಕೃತವಾಗುತ್ತದೆ. ಅಂಟಾದರೋ ಬಲವನ್ನು ಇಡೀ ಪಟ್ಟಿಯ ಉದ್ದಗಲಕ್ಕೂ ಹಂಚುತ್ತದೆ. ಅದು ನೀರು ಒಳನುಗ್ಗದಂತೆ ತಡೆಯುತ್ತದೆ. ತಗಡಿನ ಗಡಗಡ ಸದ್ದನ್ನು ಅಡಗಿಸುತ್ತದೆ. ಅಲ್ಯೂಮಿನಿಯಮ್ಮೂ ಉಕ್ಕೂ ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ವಿದ್ಯುತ್‌ಕೋಶದಲ್ಲಿ ನಡೆಯುವಂತಹ ಕ್ರಿಯೆ ನಡೆದು ಅಲ್ಯೂಮಿನಿಯಮ್ ಸವೆಯುತ್ತದೆ. ನಡುವೆ ಅಂಟಿನ ಪದರವಿದ್ದರೆ ಆ ಬಾಧೆ ತಪ್ಪುತ್ತದೆ. ಇನ್ನು ಫೈಬರ್ ಗ್ಲಾಸನ್ನೂ ಪ್ಲಾಸ್ಟಿಕ್ಕನ್ನೂ ಉಕ್ಕಿಗೆ ಬೆಸೆಯುವ ಮಾತೇ ಇಲ್ಲ. ನಮ್ಮ ರಾಜ್ಯದಲ್ಲಿಯೇ 1980ರ ದಶಕದಲ್ಲಿ ಸಿಪಾನಿ ಕಂಪನಿಯು ‘ಡಾಲ್ಫಿನ್’ ಎಂಬ ಫೈಬರ್ ಗ್ಲಾಸ್ ಮೈಯ ಕಾರನ್ನು ತಯಾರಿಸಿತು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ‘ರೇವಾ’ ವಿದ್ಯುತ್ ಕಾರಿಗೆ ಉಕ್ಕಿನ ಕೊಳವೆಗಳ ಚೌಕಟ್ಟೂ ಪ್ಲಾಸ್ಟಿಕ್ಕಿನ ಹೊರಮೈಯೂ ಇದ್ದುವು. 1996ರಲ್ಲಿ ಬ್ರಿಟನ್ನಿನ ಲೋಟಸ್ ಕಂಪನಿಯು ‘ಎಲೀಸ್’ ಎಂಬ ಕಾರಿನ ಅಲ್ಯೂಮಿನಿಯಮ್ ಚೌಕಟ್ಟನ್ನೇ ಎಪಾಕ್ಸಿ ಎಂಬ ಅಂಟಿನಿಂದ ಕೂಡಿಸಿತು. ಇಂದು ಸಾಮಾನ್ಯವಾಗಿ ಕಾರುಗಳ ಮುಂದಿನ ಗಾಜು ನಿಂತಿರುವುದು ಸಹ ಅಂಟಿನ ಬಲದಿಂದಲೇ.

ಅಂಟಿನ ಬಲವೆಷ್ಟು ಎಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ನೋಡೋಣ. ನನ್ನ ಶಿಷ್ಯನ ಕಾರಿನ ಮೇಲಿನ ತಗಡು 2 ಮೀಟರು ಉದ್ದ, 1.2 ಮೀಟರು ಅಗಲ. ಸುತ್ತಲಿನ ಅಂಚು 6.4 ಮೀಟರು, ಎಂದರೆ 640 ಸೆಂಟಿಮೀಟರು. ಅಂಟಿನ ಪಟ್ಟಿಯ ಅಗಲ 2 ಸೆಂಟಿಮೀಟರು. ಒಟ್ಟು 1,280 ಚದರ ಸೆಂಟಿಮೀಟರು ಅಂಟು. ಒಂದು ಚದರ ಸೆಂಟಿಮೀಟರು ಅಂಟು ಕೇವಲ 1 ಕಿಲೋಗ್ರಾಂ ಭಾರವನ್ನು ತಾಳಿದರೂ ಇಡೀ ಪಟ್ಟಿ 1,280 ಕಿಲೋಗ್ರಾಂ ಭಾರವನ್ನು ತಾಳಬೇಕು. ಗಂಟೆಗೆ 60 ಕಿಲೋಮೀಟರು ವೇಗದ ಗಾಳಿ ಆ ತಗಡನ್ನು ಎತ್ತಬಲ್ಲ ಬಲ ಸುಮಾರು 40 ಕಿಲೋಗ್ರಾಂ ಭಾರದಷ್ಟು. ಲೆಕ್ಕದ ಪ್ರಕಾರ ತಗಡು ಅಲುಗಲೂ ಬಾರದು. ಹಾಗಿದ್ದರೂ ಅದು ಹಾರಿತೇಕೆ?

ಇದಕ್ಕೆ ಉತ್ತರವನ್ನು ನೀವೇ ಕಂಡುಕೊಳ್ಳಬಹುದು. ರಟ್ಟಿನಂತಹ ಕಾಗದದ ಎರಡು ಪಟ್ಟಿಗಳನ್ನು ತುದಿಯಲ್ಲಿ ಒಂದರ ಮೇಲೊಂದಿಟ್ಟು ಗಂಜಿಯಿಂದ ಅಂಟಿಸಿ ಒಣಗಲು ಬಿಡಿ. ಆಮೇಲೆ ಎರಡು ತುದಿಗಳನ್ನೂ ಹಿಡಿದು ಉದ್ದಕ್ಕೆ ಎಳೆಯಿರಿ. ಕೂಡಿಕೆ ಸುಲಭವಾಗಿ ಬಿಡದು. ಈಗ ಮೇಲಿನ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿ ಬಾಳೆಯ ಹಣ್ಣಿನ ಸಿಪ್ಪೆಯನ್ನು ಸುಲಿಯುವಂತೆ ಸುಲಿಯಿರಿ. ಅದು ಎಷ್ಟೋ ಹಗುರವಾಗಿ ಬಿಟ್ಟುಬರುತ್ತದೆ. ಉದ್ದಕ್ಕೆ ಎಳೆದಾಗ ಅಂಟಿದ ಸ್ಥಳವೆಲ್ಲವೂ ಒಟ್ಟಾಗಿ ತಡೆಯುತ್ತದೆ. ಸುಲಿದಾಗ ಅಂಚಿನ ಒಂದು ಗೆರೆಯಷ್ಟು ಅಂಟು ಮಾತ್ರ ಇಡೀ ಬಲವನ್ನು ಎದುರಿಸಬೇಕಾಗುತ್ತದೆ. ಆ ಗೆರೆ ಸೋತೊಡನೆ ಮುಂದಿನ ಗೆರೆಯ ಸರದಿ. ಸಾವಿರ ಜನರ ಸೈನ್ಯವಿದ್ದರೂ ಇಕ್ಕಟ್ಟಿನ ಬಾಗಿಲಿನಲ್ಲಿ ಒಬ್ಬೊಬ್ಬನೇ ನಿಂತು ಕಾದಿದರೆ ಸೋಲಾಗುವುದು ಹೀಗೆಯೇ. ಆದುದರಿಂದ ಅಂಟಿಸುವವನು ಎಳೆತಕ್ಕೆ ಅಂಜಬೇಕಾಗಿಲ್ಲ, ಸುಲಿತಕ್ಕೆ ಅಂಜಬೇಕು. ಗಾಳಿಗೆ ಎದುರಾಗುವ ಅಂಚನ್ನು ಕೆಳಕ್ಕೆ ಮಡಿಸಿ ಚೌಕಟ್ಟಿನ ಮುಂಬದಿಗೆ ಅಂಟಿಸಿದರೆ, ಮೂಲೆಗಳಲ್ಲಿ ಒಂದೆರಡು ರಿವೆಟ್ಟುಗಳನ್ನು ಹೊಡೆದರೆ, ಸುಲಿತವು ಆರಂಭವಾಗುವುದೇ ಇಲ್ಲ.

ಬಿಸಿಲಿನಿಂದ ಇನ್ನೂ ಒಂದು ತೊಂದರೆಯಿದೆ. ಕಾದಾಗ ಎಲ್ಲ ಲೋಹಗಳೂ ಹಿಗ್ಗುತ್ತವೆ. ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಅಲ್ಯೂಮಿನಿಯಮ್ಮಿನ ಹಿಗ್ಗುವಿಕೆ ಉಕ್ಕಿನದರ ಸುಮಾರು ಎರಡರಷ್ಟು. 2 ಮೀಟರು ಉದ್ದದ ತಗಡು ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ 60 ಡಿಗ್ರಿಗೆ ಕಾದರೆ ಸುಮಾರು 1.8 ಮಿಲಿಮೀಟರು ಉದ್ದವಾಗುತ್ತದೆ. ಅದರ ಅಡಿಯ ಉಕ್ಕು ಅಷ್ಟೇ ಕಾದರೂ 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಈ ಅಂತರವನ್ನು ದಿನದಿನವೂ ಸಹಿಸಬೇಕಾದುದು ನಡುವಿನ ಅಂಟು. ಅದು ಗಾಜಿನಂತೆ ಪೆಡಸಾಗಿ, ಕಾಗದದಷ್ಟು ತೆಳುವಾಗಿ ಇದ್ದರೆ ಬಿರುಕು ಬಿಡಬಹುದು ಅಥವಾ ತಗಡನ್ನು ಸೊಟ್ಟಗೆ ಮಾಡಬಹುದು. ಎರಡು ಮೂರು ಮಿಲಿಮೀಟರು ದಪ್ಪವಾಗಿದ್ದು ರಬ್ಬರಿನಂತೆ ಬಾಗಬಲ್ಲುದಾದರೆ ಎರಡು ಲೋಹಗಳ ಜಗಳವನ್ನು ತಾನು ನುಂಗಿಕೊಳ್ಳುತ್ತದೆ.

ಈ ಹಿನ್ನೆಲೆಯಲ್ಲಿ ಅಂಗಡಿಯಲ್ಲಿ ದೊರೆಯುವ ಅಂಟುಗಳ ಗುಣಾವಗುಣಗಳನ್ನು ತೂಗಿ ನೋಡೋಣ. ಬಡಗಿಗಳು ಬಳಸುವ ಬಿಳಿಯ ಅಂಟು ಮರಕ್ಕೆ ಬಹಳ ಒಳ್ಳೆಯದು. ಅದರಲ್ಲಿರುವ ನೀರನ್ನು ಮರದ ಸಣ್ಣ ರಂಧ್ರಗಳು ಹೀರಿಕೊಂಡಾಗ ಅದು ಗಟ್ಟಿಯಾಗುತ್ತದೆ. ಲೋಹವು ನೀರನ್ನು ಹೀರದು. ಆದುದರಿಂದ ತಗಡಿನ ಕೆಲಸಕ್ಕೆ ಅದು ನಿಷ್ಪ್ರಯೋಜಕ. ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯುವ ಸಣ್ಣ ಕೊಳವೆಯ ಅಂಟು ಸಯನೊಅಕ್ರಿಲೇಟ್ ಎಂಬುದು. ಮೈಯ ಮೇಲಿನ ಅತ್ಯಲ್ಪ ತೇವದಿಂದಲೇ ಅದು ಗಟ್ಟಿಯಾಗುತ್ತದೆ. ಮುರಿದ ಬೊಂಬೆಗೆ ಅದು ಸಾಕು. ಆದರೆ ಅದು ಪೆಡಸು, ಪೆಟ್ಟಿಗೂ ಸುಲಿತಕ್ಕೂ ತಾಳದು. ಸಿಲಿಕೋನ್ ಕಾವನ್ನೂ ನೀರನ್ನೂ ಚೆನ್ನಾಗಿ ತಾಳುತ್ತದೆ. ಸಂದು ಮುಚ್ಚಲು ತಕ್ಕುದು, ಭಾರ ಹೊರಲು ತಕ್ಕುದಲ್ಲ. ಅದು ತಾಗಿದ ಕಡೆ ಮುಂದೆ ಬಣ್ಣವೂ ಹಿಡಿಯದು.

ಎಪಾಕ್ಸಿ ಎಂಬುದು ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳಲ್ಲಿ ಬರುತ್ತದೆ. ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಹೆಚ್ಚು ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಅತ್ಯಂತ ಬಲವಾದ ಅಂಟು. ಚೌಕಟ್ಟಿನ ಭಾಗಗಳಿಗೂ ಯೋಗ್ಯ. ಆದರೆ ಅದರ ಸಾಮಾನ್ಯ ಬಗೆ ಪೆಡಸಾದುದು. ಅಕ್ರಿಲಿಕ್ ಜಾತಿಯ ಎರಡು ಭಾಗಗಳ ಅಂಟು ಬೇಗ ಗಟ್ಟಿಯಾಗುತ್ತದೆ, ಲೋಹ ಮತ್ತು ಪ್ಲಾಸ್ಟಿಕ್ ಎರಡನ್ನೂ ಹಿಡಿಯುತ್ತದೆ. ಆದರೆ ಅದರ ವಾಸನೆ ಕಟು, ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಸ್ವಭಾವ. ಪಾಲಿಯುರೇಥೇನ್ ಎಂಬ ಅಂಟು ಗಾಳಿಯ ತೇವವನ್ನು ಹೀರಿ ದಿನಕ್ಕೆ ಎರಡು ಮೂರು ಮಿಲಿಮೀಟರು ಆಳದಂತೆ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ; ಗಟ್ಟಿಯಾದ ಮೇಲೂ ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಕಾರಿನ ಮುಂದಿನ ಗಾಜನ್ನು ಹಿಡಿದಿರುವುದು ಇದೇ. ಬಿಸಿಲು ನೇರವಾಗಿ ಬಿದ್ದರೆ ಇದು ಕೆಡುವುದುಂಟು. ಆದುದರಿಂದ ಮೇಲೆ ಮರೆ ಬೇಕು. ಲೋಹಕ್ಕೆ ಮೊದಲು ತಕ್ಕ ಪ್ರೈಮರನ್ನು ಬಳಿಯಬೇಕು.

ಇವುಗಳಲ್ಲಿ ಶ್ರೇಷ್ಠವಾದುದು ಯಾವುದು? ಈ ಪ್ರಶ್ನೆಯೇ ಸರಿಯಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಕೂಡಬೇಕಾದ ಎರಡು ವಸ್ತುಗಳು ಯಾವುವು? ಅವು ಬಿಸಿಲು, ನೀರು, ಅದುರು ಇವುಗಳಲ್ಲಿ ಏನನ್ನು ಸಹಿಸಬೇಕು? ಬಲವು ಯಾವ ದಿಕ್ಕಿನಿಂದ ಬೀಳುತ್ತದೆ? ಮುಂದೆ ಎಂದಾದರೂ ಅವನ್ನು ಬಿಚ್ಚಬೇಕಾದೀತೇ? ಕೂಡಿಕೆ ಸೋತರೆ ಯಾರಿಗೆ ಅಪಾಯ? ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅಂಟಿನ ಹೆಸರು ತಾನಾಗಿಯೇ ಹೊಳೆಯುತ್ತದೆ.

ನಾಲ್ಕನೆಯ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡನ್ನು ನೀವು ನೋಡಿರುತ್ತೀರಿ. ಹುಳುವು ಎರಡು ಸೂಕ್ಷ್ಮ ಎಳೆಗಳನ್ನು ಒಟ್ಟಿಗೆ ಹೊರಬಿಟ್ಟು, ಅವನ್ನು ಸೆರಿಸಿನ್ ಎಂಬ ಅಂಟಿನಿಂದ ಹೊದಿಸುತ್ತದೆ. ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ. ಗಾಳಿಗೂ ಕೈಯ ಒತ್ತಡಕ್ಕೂ ಗೂಡು ಜಗ್ಗದು. ಆದರೆ ಬಿಸಿನೀರಿನಲ್ಲಿ ಹಾಕಿದೊಡನೆ ಅಂಟು ಮೆತ್ತಗಾಗಿ, ನೂಲು ಬಿಚ್ಚುವವರ ಕೈಗೆ ಎಳೆ ಸಿಕ್ಕುತ್ತದೆ. ಆ ಅಂಟು ಎಂದೂ ಬಿಡದಂಥದಾಗಿದ್ದರೆ ರೇಷ್ಮೆ ಸೀರೆಯೇ ಇರುತ್ತಿರಲಿಲ್ಲ. ಅದೇ ಅಂಟನ್ನು ಕಾರಿನ ತಗಡಿಗೆ ಬಳಿದರೆ ಮೊದಲ ಮಳೆಗಾಲವನ್ನೂ ದಾಟಲಾರದು. ಒಂದು ಕಡೆ ಗುಣವಾದುದು ಇನ್ನೊಂದು ಕಡೆ ದೋಷ.

ಬಲವಾದ ಅಂಟನ್ನು ಬಲವಾದ ಶಿಸ್ತಿನಿಂದ ಬಳಸಿದಾಗ ಎಂತಹ ಸಾಧನೆ ಸಾಧ್ಯ ಎಂಬುದಕ್ಕೂ ನಿದರ್ಶನಗಳು ದೂರವಿಲ್ಲ. ಲೋಹಕ್ಕೆ ಲೋಹವನ್ನು ವಿಮಾನದ ಕೆಲಸಕ್ಕೆ ತಕ್ಕಂತೆ ಹಿಡಿಯಬಲ್ಲ ‘ರಿಡಕ್ಸ್’ ಎಂಬ ಅಂಟನ್ನು 1941ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರೂಯಿನ್ ಎಂಬ ವಿಜ್ಞಾನಿ ರೂಪಿಸಿದನು. ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರಾಳದಲ್ಲಿ ನೆನೆದ ನಾರುಗಳಿಂದಲೇ ಇಡೀ ಮೈಯನ್ನು ಕಟ್ಟಿದ ‘ಹಂಸ’ ಎಂಬ ಪುಟ್ಟ ವಿಮಾನವನ್ನು 1993ರಲ್ಲಿ ಹಾರಿಸಿದರು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ‘ತೇಜಸ್’ ಯುದ್ಧವಿಮಾನದ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಇಂತಹ ನಾರು ಮತ್ತು ರಾಳಗಳ ಕೂಟ. ಅಲ್ಲಿ ಅಂಟಿಸುವ ಕೋಣೆಯ ದೂಳು, ತೇವ, ಕಾವು ಎಲ್ಲವನ್ನೂ ಹಿಡಿತದಲ್ಲಿಡುತ್ತಾರೆ. ಕೂಡಿಕೆಯ ಒಳಗೆ ಪೊಳ್ಳಿದೆಯೇ ಎಂದು ಉಪಕರಣಗಳಿಂದ ಪರೀಕ್ಷಿಸುತ್ತಾರೆ.

ನನ್ನ ಶಿಷ್ಯನ ಅಂಗಡಿಯಲ್ಲಿ ಅಂತಹ ಉಪಕರಣಗಳಿರಲಿಲ್ಲ. ಆದರೆ ತಾಳ್ಮೆ ಇತ್ತು. ಅವನು ಮೊದಲು ತಗಡಿನ ಸಣ್ಣ ತುಂಡುಗಳನ್ನು ಉಕ್ಕಿನ ಪಟ್ಟಿಗಳಿಗೆ ಬೇರೆ ಬೇರೆ ಅಂಟುಗಳಿಂದ ಅಂಟಿಸಿದನು. ಕೆಲವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟನು, ಕೆಲವನ್ನು ಹಂಚಿನ ಮೇಲೆ ಬಿಸಿಲಿಗಿಟ್ಟನು. ತಿಂಗಳಾದ ಮೇಲೆ ಅವುಗಳಿಗೆ ಕಲ್ಲುಗಳನ್ನು ತೂಗುಹಾಕಿ ನೋಡಿದನು. ಇಕ್ಕಳದಿಂದ ಅಂಚನ್ನು ಹಿಡಿದು ಸುಲಿದು ನೋಡಿದನು. ತನ್ನ ಕೆಲಸಕ್ಕೆ ಪಾಲಿಯುರೇಥೇನ್ ತಕ್ಕುದೆಂದು ಅವನಿಗೇ ಮನದಟ್ಟಾಯಿತು.

ಆಮೇಲೆ ಚೌಕಟ್ಟಿನ ಹಳೆಯ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದು ಶುದ್ಧ ಉಕ್ಕನ್ನು ಕಂಡನು. ತಗಡನ್ನು ದ್ರಾವಕದಿಂದ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಒರೆಸಿದನು. ಅದರ ಮೇಲೆ ಶುದ್ಧವಾದ ನೀರನ್ನು ಸುರಿದನು. ನೀರು ಹನಿಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆಯೆಂದು ಅರ್ಥ. ಮುರಿಯದ ಪೊರೆಯಂತೆ ಹರಡಿದರೆ ಮೈ ಶುದ್ಧವಾಗಿದೆಯೆಂದು ಅರ್ಥ. ಮೂರನೆಯ ಸಲ ನೀರು ಹರಡಿತು. ತಗಡನ್ನು ಪೂರ್ತಿಯಾಗಿ ಒಣಗಿಸಿದ ಮೇಲೆ, ಬೆರಳು ತಾಗದಂತೆ ಕೈಚೀಲ ತೊಟ್ಟು, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಪ್ರೈಮರನ್ನೂ ಅಂಟನ್ನೂ ಹಚ್ಚಿದನು. ಇಂತಹ ಅಂಟುಗಳ ಮತ್ತು ದ್ರಾವಕಗಳ ಆವಿ ಶ್ವಾಸಕೋಶಕ್ಕೆ ಕೆಟ್ಟದು, ಬಳಿಯಲ್ಲಿ ಬೆಂಕಿಯಿರಬಾರದು. ಆ ದಿನ ಅವನು ವೆಲ್ಡಿಂಗ್ ಕೆಲಸವನ್ನು ನಿಲ್ಲಿಸಿದ್ದನು. ಮುಂದಿನ ಅಂಚನ್ನು ಕೆಳಕ್ಕೆ ಮಡಿಸಿದನು. ನಾಲ್ಕು ಮೂಲೆಗಳಲ್ಲಿ ರಿವೆಟ್ ಹೊಡೆದನು. ಆಸನ ಮತ್ತು ಆಸನದ ಪಟ್ಟಿಯನ್ನು ಹಿಡಿಯುವ ಭಾಗಗಳನ್ನು ಮಾತ್ರ ಅಂಟಿಗೆ ಒಪ್ಪಿಸದೆ ಬೆಸುಗೆಗೂ ಬೋಲ್ಟಿಗೂ ಒಪ್ಪಿಸಿದನು. ಬಿಚ್ಚಬೇಕಾದ ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಹಾಕಿದನು. ಕೆಲಸ ಮುಗಿದ ಮೇಲೆ ಒಂದು ವಾರ ಕಾರನ್ನು ಅಲುಗಿಸಲಿಲ್ಲ.

ಅಂದಿನಿಂದ ಮೂರು ಬೇಸಗೆಗಳೂ ಮೂರು ಮಳೆಗಾಲಗಳೂ ಕಳೆದಿವೆ, ತಗಡು ನಿಂತಿದೆ. ಹಾರಿಹೋಗಿದ್ದ ಹಳೆಯ ತಗಡನ್ನು ಅವನು ಗುಜರಿಗೆ ಹಾಕಲಿಲ್ಲ. ಅಂಗಡಿಯ ಗೋಡೆಗೆ, ಒಳಮೈ ಹೊರಕ್ಕೆ ಕಾಣುವಂತೆ, ತೂಗುಹಾಕಿದ್ದಾನೆ. ಕೆಲಸ ಕಲಿಯಲು ಹೊಸದಾಗಿ ಬಂದ ಹುಡುಗರಿಗೆ ಅದರ ಮೇಲಿನ ಮೂರು ಗುರುತುಗಳನ್ನು ತೋರಿಸಿ, “ಇದನ್ನು ಮೊದಲು ಓದಿರಿ, ಆಮೇಲೆ ಅಂಟಿನ ಡಬ್ಬಿಯನ್ನು ಮುಟ್ಟಿರಿ” ಎಂದು ಹೇಳುತ್ತಾನೆ. ಈಗ ಹತ್ತನೆಯ ವರ್ಷಕ್ಕೆ ಕಾಲಿಟ್ಟಿರುವ ಅವನ ಮಗನಿಗೆ ಆ ಪಾಠ ಬಾಯಿಪಾಠವಾಗಿದೆ. ತಗಡಿನ ಮೇಲೆ ನೀರು ಸುರಿದು, ಅದು ಹರಡುವುದೋ ಹನಿಗೂಡುವುದೋ ಎಂದು ನೋಡುವ ಕೆಲಸ ಈಗ ಅವನದೇ.